ಟಿ ಕೋಶವೋ, ಎನ್‌ಕೆ ಕೋಶವೋ? ಕ್ಲಸ್ಟರ್‌ಗೆ ಇಟ್ಟ ಹೆಸರು ಹೊಂದದಿದ್ದಾಗ ದೋಷ ಹುಡುಕುವ ಬಗೆ

ರಕ್ತದ ಮಾದರಿಯನ್ನು ಸಿಂಗಲ್ ಸೆಲ್ ಆರ್‌ಎನ್‌ಎ ಸೀಕ್ವೆನ್ಸಿಂಗ್‌ಗೆ, ಅಂದರೆ ಒಂದೊಂದು ಕೋಶದಲ್ಲೂ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಎಣಿಸುವ ಪರೀಕ್ಷೆಗೆ, ಹಾಕಿದವರಿಗೆಲ್ಲ ಈ ಪರಿಸ್ಥಿತಿ ಗೊತ್ತಿರುತ್ತದೆ. ಒಂದೇ ಥರದ ಕೋಶಗಳನ್ನು ಹತ್ತಿರ ಹತ್ತಿರ ಗುಂಪಾಗಿ (ಕ್ಲಸ್ಟರ್ ಆಗಿ) ತೋರಿಸುವ ಯುಮ್ಯಾಪ್ ಚಿತ್ರದಲ್ಲಿ ಬಿ ಕೋಶಗಳು ಒಂದು ಮೂಲೆಯಲ್ಲಿ, ಮಾನೊಸೈಟ್‌ಗಳು ಇನ್ನೊಂದು ಮೂಲೆಯಲ್ಲಿ ನೀಟಾಗಿ ಕೂತಿರುತ್ತವೆ. ಅವಕ್ಕೆ ಹೆಸರಿಡಲು ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಳಿದದ್ದು ನಡುವಿನ ದೊಡ್ಡ ಗುಂಪು, ಅಂದರೆ ಟಿ ಕೋಶಗಳು ಮತ್ತು ನ್ಯಾಚುರಲ್ ಕಿಲ್ಲರ್ ಎನ್ನುವ ಎನ್‌ಕೆ ಕೋಶಗಳು. ಇಲ್ಲಿ ಒಂದು ಸಾಫ್ಟ್‌ವೇರ್ ಸಿಡಿ8 ಟಿ (ಕೊಲ್ಲುವ ಬಗೆಯ ಟಿ ಕೋಶ) ಅಂದದ್ದನ್ನು ಇನ್ನೊಂದು ಎನ್‌ಕೆ ಅನ್ನುತ್ತದೆ. ಕೋಶದ ಪ್ರೋಟೀನ್‌ಗಳಿಗೆ ಆಂಟಿಬಾಡಿ ಅಂಟಿಸಿ ಎಣಿಸುವ ಫ್ಲೋ ಸೈಟೋಮೆಟ್ರಿಯಲ್ಲಿ ಬಂದ ಶೇಕಡಾವಾರಿಗೂ ಇಲ್ಲಿನ ಎಣಿಕೆಗೂ ತಾಳೆಯಾಗುವುದಿಲ್ಲ.

ನನ್ನ ಅನುಭವದಲ್ಲಿ ಇಂಥ ಗೊಂದಲಗಳ ಬೇರು ಹೆಚ್ಚಾಗಿ ಒಂದೇ. ಕೆಲವು ಜೀನ್‌ಗಳು ಕೋಶದ ಕುಲ ಹೇಳುತ್ತವೆ, ಅದು ಎಲ್ಲಿಂದ ಬಂತು ಅಂತ. ಕೆಲವು ಅದರ ಕಸುಬು ಹೇಳುತ್ತವೆ, ಈಗ ಏನು ಮಾಡುತ್ತಿದೆ ಅಂತ. ಕಸುಬಿನ ಜೀನ್‌ಗಳು ಜೋರಾಗಿ ಕಾಣುತ್ತವೆ, ಕುಲದ ಜೀನ್‌ಗಳು ಮೆಲ್ಲಗೆ. ನಾವು ಜೋರಾಗಿ ಕಂಡದ್ದನ್ನು ನೋಡಿ ಕುಲ ತೀರ್ಮಾನಿಸಿಬಿಡುತ್ತೇವೆ. ಕೆಳಗೆ ಬರೆದಿರುವುದು ಮುಖ್ಯವಾಗಿ ಮನುಷ್ಯರ ರಕ್ತದಿಂದ ಬೇರ್ಪಡಿಸಿದ ಬಿಳಿ ಕೋಶಗಳಿಗೆ, ಅಂದರೆ ಪಿಬಿಎಂಸಿ ಮಾದರಿಗೆ. ಅಂಗಾಂಶದ ಮಾದರಿಗೆ ಬೇರೆ ಎಚ್ಚರ ಬೇಕಾದ ಕಡೆ ಹೇಳುತ್ತೇನೆ.

ಹೆಸರಿಡುವ ಮುಂಚೆ

ಕ್ಲಸ್ಟರ್ ವಿಚಿತ್ರವಾಗಿದೆ ಅನಿಸಿದರೆ ಮೊದಲು ಕೇಳಬೇಕಾದದ್ದು, ಅದು ನಿಜವಾಗಲೂ ಒಂದು ಬಗೆಯ ಕೋಶವಾ ಅಂತ. ಒಂದೊಂದು ಕೋಶವನ್ನು ಒಂದೊಂದು ಹನಿಯಲ್ಲಿ ಸೆರೆಹಿಡಿಯುವ ಟೆನ್‌ಎಕ್ಸ್ ಯಂತ್ರದ ನೆಕ್ಸ್ಟ್ ಜೆಮ್ ತಲೆಮಾರಿನ ಕಿಟ್‌ನಲ್ಲಿ ಪ್ರತಿ 1,000 ಕೋಶಕ್ಕೆ ಸುಮಾರು ಶೇ. 0.8ರ ಲೆಕ್ಕದಲ್ಲಿ ಡಬ್ಲೆಟ್ ಬರುತ್ತದೆ. 10,000 ಕೋಶ ತೆಗೆದರೆ ಹತ್ತಿರ ಹತ್ತಿರ ಶೇ. 8ರಷ್ಟು ಹನಿಗಳಲ್ಲಿ ಎರಡೆರಡು ಕೋಶ ಕೂತಿರುತ್ತವೆ. ಟಿ ಕೋಶದ ಜೀನ್ ಜೊತೆಗೆ ಎಲ್‌ವೈಝಡ್, ಸಿಡಿ14 ಎರಡೂ ಬಲವಾಗಿ ಕಂಡು, ಒಟ್ಟು ಜೀನ್ ಎಣಿಕೆಯೂ ಜಾಸ್ತಿ ಇದ್ದರೆ ಅದು ಹೊಸ ಉಪಬಗೆ ಅಲ್ಲ, ಟಿ ಕೋಶ ಮತ್ತು ಮಾನೊಸೈಟ್ ಅಂಟಿಕೊಂಡದ್ದು. ಡಬ್ಲೆಟ್ ಹುಡುಕುವ ಸ್ಕ್ರಬ್ಲೆಟ್ ಅಥವಾ ಡಬ್ಲೆಟ್‌ಫೈಂಡರ್ ಸಾಫ್ಟ್‌ವೇರ್ ಓಡಿಸಿ. ಆದರೆ ಟಿ ಮತ್ತು ಎನ್‌ಕೆ ಅಂಟಿಕೊಂಡ ಡಬ್ಲೆಟ್ ಅವುಗಳ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಎರಡರ ಜೀನ್‌ಗಳೂ ಅಷ್ಟು ಹತ್ತಿರ ಇವೆ.

ಎಸ್100ಎ8, ಎಸ್100ಎ9, ಎಚ್‌ಬಿಬಿ ಎಲ್ಲ ಕ್ಲಸ್ಟರ್‌ಗಳಲ್ಲೂ ಸ್ವಲ್ಪ ಸ್ವಲ್ಪ ಕಂಡರೆ, ಅದು ಒಡೆದ ಕೋಶಗಳಿಂದ ದ್ರಾವಣಕ್ಕೆ ಸೋರಿದ ಆರ್‌ಎನ್‌ಎ. ಸೂಪ್‌ಎಕ್ಸ್ ಅಥವಾ ಸೆಲ್‌ಬೆಂಡರ್ ಎಂಬ ಸಾಫ್ಟ್‌ವೇರ್‌ಗಳು ಇದನ್ನು ಕಳೆಯುತ್ತವೆ. ಪಿಪಿಬಿಪಿ, ಪಿಎಫ್4 ಕಂಡರೆ ಪ್ಲೇಟ್‌ಲೆಟ್ ಅಂಟಿದೆ ಅಂತ ಅರ್ಥ. ಇಷ್ಟು ಮುಗಿಸದೆ ಟಿ ಕೋಶದ ಉಪಬಗೆಗಳಿಗೆ ಕೈ ಹಾಕಬೇಡಿ.

ಲಕ್ಷಣ: ಎನ್‌ಕೆ ಕೋಶ ಬಹಳ ಜಾಸ್ತಿ, ಸಿಡಿ8 ಬಹಳ ಕಮ್ಮಿ

ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಲಿಂಫೊಸೈಟ್‌ಗಳ ಪೈಕಿ ಟಿ ಕೋಶವೇ ದೊಡ್ಡ ಪಾಲು, ಎನ್‌ಕೆ ಸಾಮಾನ್ಯವಾಗಿ ಶೇ. 5ರಿಂದ 15ರ ಆಸುಪಾಸು. ಸಿಡಿ4 (ನೆರವಿನ ಬಗೆ) ಮತ್ತು ಸಿಡಿ8 ಟಿ ಕೋಶಗಳು ಸುಮಾರು 2ಕ್ಕೆ 1ರ ಅನುಪಾತದಲ್ಲಿರುತ್ತವೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಬದಲಾಗುತ್ತದೆ, ನಿಜ. ಆದರೂ ಎನ್‌ಕೆ ಕ್ಲಸ್ಟರ್ ಸಿಡಿ8ಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಬಂದರೆ ಮೊದಲು ಲೇಬಲ್ ಮೇಲೆ ಅನುಮಾನ ಪಡಬೇಕು, ಆಮೇಲೆ ವ್ಯಕ್ತಿಯ ಮೇಲೆ.

ಕಾರಣ ಹುಡುಕಲು ಒಂದು ಪರಿಚಿತ ಡೇಟಾವನ್ನೇ ನೋಡೋಣ. ಟೆನ್‌ಎಕ್ಸ್‌ನವರ ಪಿಬಿಎಂಸಿ 3ಕೆ ಡೇಟಾದಲ್ಲಿ 2,700 ಕೋಶಗಳಿವೆ. ಸ್ಯೂರಾ ಎಂಬ ವಿಶ್ಲೇಷಣೆಯ ಪ್ಯಾಕೇಜಿನ ಪರಿಚಯ ಪಾಠದಲ್ಲಿ ಗುಣಮಟ್ಟ ಸೋಸಿದ ಮೇಲೆ 2,638 ಉಳಿಯುತ್ತವೆ, 9 ಕ್ಲಸ್ಟರ್ ಆಗುತ್ತವೆ. ಸಿಡಿ8 ಟಿ ಕ್ಲಸ್ಟರ್ ಗುರುತಿಸುವುದು ಸಿಡಿ8ಎ ಇಂದ, ಎನ್‌ಕೆ ಗುರುತಿಸುವುದು ಜಿಎನ್‌ಎಲ್‌ವೈ ಮತ್ತು ಎನ್‌ಕೆಜಿ7 ಇಂದ. ನಮ್ಮಲ್ಲಿ ಬಹಳ ಮಂದಿ ಕೆಲಸ ಕಲಿತದ್ದು ಇದರಿಂದಲೇ, ಅಲ್ವಾ? ಈಗ ಅದೇ ಡೇಟಾದಲ್ಲಿ ಎನ್‌ಕೆಜಿ7ರ ವಯಲಿನ್ ಪ್ಲಾಟ್ ತೆಗೆದು ನೋಡಿ. ಎನ್‌ಕೆಯಲ್ಲಿ ಅದು ಎತ್ತರಕ್ಕೆ ಏರಿದೆ. ಪಕ್ಕದ ಸಿಡಿ8 ಟಿ ಕ್ಲಸ್ಟರ್‌ನಲ್ಲೂ ಏರಿದೆ. ಹೆಸರಿನಲ್ಲಿ ಎನ್‌ಕೆ ಇದ್ದ ಮಾತ್ರಕ್ಕೆ ಅದು ಎನ್‌ಕೆ ಕೋಶದ ಸ್ವಂತ ಜೀನ್ ಅಲ್ಲ. ಎನ್‌ಕೆಜಿ7, ಜಿಎನ್‌ಎಲ್‌ವೈ, ಪಿಆರ್‌ಎಫ್1, ಜಿಝಡ್‌ಎಂಬಿ ಇವೆಲ್ಲ ಇನ್ನೊಂದು ಕೋಶವನ್ನು ಕೊಲ್ಲುವ ಕಸುಬಿನ ಜೀನ್‌ಗಳು. ಆ ಕಸುಬು ಎನ್‌ಕೆಗೂ ಇದೆ, ಪಳಗಿದ ಸಿಡಿ8 ಟಿ ಕೋಶಕ್ಕೂ ಇದೆ, ಗಾಮಾ ಮತ್ತು ಡೆಲ್ಟಾ ಸರಪಳಿಯ ಗ್ರಾಹಕ ಇರುವ ಗಾಮಾ ಡೆಲ್ಟಾ ಟಿ ಕೋಶಕ್ಕೂ ಇದೆ. ಕೆಲವರಲ್ಲಿ ಸಿಡಿ4 ಟಿ ಕೋಶಗಳ ಒಂದು ಪಾಲಿಗೂ ಇದೆ.

ಹಾಗಾಗಿ ಪರೀಕ್ಷೆ ತಿರುವುಮುರುವಾಗಬೇಕು. ಮೊದಲು ಟಿ ಕುಲ ಹೌದೋ ಅಲ್ಲವೋ ತೀರ್ಮಾನಿಸಿ. ಅದಕ್ಕೆ ಸಿಡಿ3ಡಿ, ಸಿಡಿ3ಜಿ, ಟಿಆರ್‌ಎಸಿ ಮೂರನ್ನೂ ಒಟ್ಟಿಗೆ ನೋಡಿ. ಸಿಡಿ3ಇ ಒಂದನ್ನೇ ನಂಬಬೇಡಿ, ಅದರ ಎಂಆರ್‌ಎನ್‌ಎ ಕೆಲವು ಎನ್‌ಕೆ ಕೋಶಗಳಲ್ಲೂ ಸಿಗುತ್ತದೆ. ಸಿಡಿ247 ಅಂತೂ ಎರಡು ಕುಲದಲ್ಲೂ ಇದ್ದೇ ಇರುತ್ತದೆ, ಯಾಕೆಂದರೆ ಅದರ ಪ್ರೋಟೀನ್ ಟಿ ಕೋಶದ ಗ್ರಾಹಕಕ್ಕೂ ಬೇಕು, ಎನ್‌ಕೆಯ ಸಿಡಿ16 ಗ್ರಾಹಕಕ್ಕೂ ಬೇಕು. ಎನ್‌ಕೆ ಕಡೆಗೆ ಕೆಎಲ್‌ಆರ್‌ಎಫ್1, ಎನ್‌ಸಿಆರ್1, ಎಸ್‌ಎಚ್2ಡಿ1ಬಿ ನೋಡಿ. ಜೊತೆಗೆ ಟಿವೈಆರ್‌ಒಬಿಪಿ ಮತ್ತು ಎಫ್‌ಸಿಇಆರ್1ಜಿ ಬಲವಾಗಿರಬೇಕು. ಈ ಕೊನೆಯ ಎರಡು ಮಾನೊಸೈಟ್‌ನಲ್ಲೂ ಜೋರಾಗಿರುವುದರಿಂದ ಟಿ ಮತ್ತು ಎನ್‌ಕೆ ಗುಂಪನ್ನು ಪ್ರತ್ಯೇಕಿಸಿದ ಮೇಲಷ್ಟೇ ಬಳಸಿ.

ಇನ್ನು ಸಿಡಿ8ಎ. ಎನ್‌ಕೆ ಕೋಶಗಳಲ್ಲಿ ಗಣನೀಯ ಭಾಗ ಸಿಡಿ8ಎ ಇಟ್ಟುಕೊಂಡಿರುತ್ತವೆ, ಎರಡು ಆಲ್ಫಾ ಸರಪಳಿ ಸೇರಿದ ರೂಪದಲ್ಲಿ. ಸಿಡಿ8ಬಿ ಇರುವುದಿಲ್ಲ. ಸಾಮಾನ್ಯ ಸಿಡಿ8 ಟಿ ಕೋಶಕ್ಕೆ ಆಲ್ಫಾ, ಬೀಟಾ ಎರಡೂ ಬೇಕು. ಒಂದೇ ಜೀನ್ ನೋಡುವಷ್ಟು ಜಾಗ ಚಿತ್ರದಲ್ಲಿ ಇದ್ದರೆ ಸಿಡಿ8ಎ ಬದಲು ಸಿಡಿ8ಬಿ ಹಾಕಿ. ನೈವ್ (ಇನ್ನೂ ತನ್ನ ಶತ್ರುವನ್ನು ಕಂಡಿರದ) ಸಿಡಿ8 ಕೋಶಗಳು ನೈವ್ ಸಿಡಿ4 ಜೊತೆ ಕಲಸಿಹೋದಾಗಲೂ ಇದೇ ಜೀನ್ ಕೈ ಹಿಡಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡು ಕುಲ ಒಂದೇ ಕ್ಲಸ್ಟರ್‌ನಲ್ಲಿ ಕೂತಿದ್ದರೆ ದೋಷ ಲೇಬಲ್‌ನಲ್ಲಿ ಇಲ್ಲ, ಅದಕ್ಕೂ ಹಿಂದಿನ ಹಂತದಲ್ಲಿದೆ. ಎಲ್ಲ ಕೋಶಗಳ ಮೇಲೆ ಆರಿಸಿದ ವೇರಿಯಬಲ್ ಜೀನ್‌ಗಳು, ಅಂದರೆ ಕೋಶದಿಂದ ಕೋಶಕ್ಕೆ ಹೆಚ್ಚು ಬದಲಾಗುವ ಜೀನ್‌ಗಳು, ಬಿ, ಮಾನೊಸೈಟ್, ಟಿ ಬೇರೆ ಮಾಡಲು ಆರಿಸಿದವು. ಟಿ ಮತ್ತು ಎನ್‌ಕೆ ಮಾತ್ರ ತೆಗೆದುಕೊಂಡು, ವೇರಿಯಬಲ್ ಜೀನ್ ಆಯ್ಕೆ, ಪಿಸಿಎ (ಆ ಜೀನ್‌ಗಳನ್ನು ಕೆಲವೇ ಅಕ್ಷಗಳಿಗೆ ಇಳಿಸುವ ಹಂತ), ಕ್ಲಸ್ಟರಿಂಗ್ ಮೂರನ್ನೂ ಹೊಸದಾಗಿ ಮಾಡಿ. ಹಳೆಯ ಪಿಸಿಎ ಇಟ್ಟುಕೊಂಡು ಸುಮ್ನೆ ರೆಸಲ್ಯೂಷನ್ ಏರಿಸಿದರೆ ಕ್ಲಸ್ಟರ್ ಸಂಖ್ಯೆ ಜಾಸ್ತಿಯಾಗುತ್ತದೆ, ಸ್ಪಷ್ಟತೆ ಬರುವುದಿಲ್ಲ. ಬ್ಯಾಚ್, ಅಂದರೆ ಬೇರೆ ಬೇರೆ ಸಲ ಓಡಿಸಿದ ಮಾದರಿಗಳ ನಡುವಿನ ವ್ಯತ್ಯಾಸ, ಸರಿಪಡಿಸಲು ಹಾರ್ಮನಿ ಎಂಬ ಸಾಧನ ಬಳಸಿದ್ದರೆ ಅದು ಇಲ್ಲದೆಯೂ ಒಮ್ಮೆ ನೋಡಿ. ಒತ್ತಿ ಸರಿಪಡಿಸಿದರೆ ಹತ್ತಿರದ ಎರಡು ಕುಲಗಳು ಒಂದರ ಮೇಲೊಂದು ಬಂದುಬಿಡುತ್ತವೆ.

ಲಕ್ಷಣ: ದೊಡ್ಡದೊಂದು ಎನ್‌ಕೆಟಿ ಕ್ಲಸ್ಟರ್

ಸಿಡಿ3ಡಿ ಇದೆ, ಎನ್‌ಕೆಜಿ7 ಇದೆ, ಕೆಎಲ್‌ಆರ್‌ಬಿ1 ಅಥವಾ ಕೆಎಲ್‌ಆರ್‌ಡಿ1 ಇದೆ. ಟಿ ಲಕ್ಷಣವೂ ಇದೆ, ಎನ್‌ಕೆ ಲಕ್ಷಣವೂ ಇದೆ. ಹಾಗಾದರೆ ಎನ್‌ಕೆಟಿ ಅಂತ ಬರೆದುಬಿಡೋಣ ಅನಿಸುತ್ತದೆ. ಈ ಒಂದು ಲೇಬಲ್ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಅದರ ಹಿಂದೆ ಮೂರು ನಾಲ್ಕು ಬಗೆಯ ಕೋಶಗಳು ಮುಚ್ಚಿಹೋಗಿರುತ್ತವೆ.

ಇನ್‌ವೇರಿಯಂಟ್ ಎನ್‌ಕೆಟಿ ಕೋಶಗಳು ಸಿಡಿ1ಡಿ ಎಂಬ ಪ್ರೋಟೀನ್ ಮೇಲಿನ ಕೊಬ್ಬಿನ ಅಣುಗಳನ್ನು ಗುರುತಿಸುತ್ತವೆ. ಅವುಗಳ ಗ್ರಾಹಕ ನಿಗದಿಯಾಗಿದೆ: ಆಲ್ಫಾ ಕಡೆ ಟಿಆರ್‌ಎವಿ10 ಮತ್ತು ಟಿಆರ್‌ಎಜೆ18, ಬೀಟಾ ಕಡೆ ಟಿಆರ್‌ಬಿವಿ25-1. ಮನುಷ್ಯರ ರಕ್ತದಲ್ಲಿ ಇವು ಸಾಮಾನ್ಯವಾಗಿ ಟಿ ಕೋಶಗಳ ಶೇ. 0.01ರಿಂದ 0.1ರಷ್ಟು. 5,000 ಟಿ ಕೋಶ ಇರುವ ಡೇಟಾದಲ್ಲಿ ಒಂದೋ ಐದೋ ಸಿಕ್ಕಾವು. ನಿಮ್ಮ ಚಿತ್ರದಲ್ಲಿ ಶೇ. 6ರಷ್ಟು ಎನ್‌ಕೆಟಿ ಇದ್ದರೆ ಅದು ಬೇರೆ ಏನೋ.

ಏನಿರಬಹುದು? ಮೊದಲು ಮೇಟ್ (ಎಂಎಐಟಿ) ಕೋಶಗಳನ್ನು, ಅಂದರೆ ಲೋಳೆಪೊರೆಯ ನಂಟಿನ ಒಂದು ಬಗೆಯ ಟಿ ಕೋಶಗಳನ್ನು, ನೋಡಿ. ಎಸ್‌ಎಲ್‌ಸಿ4ಎ10 ಕಂಡರೆ ಬಹುತೇಕ ತೀರ್ಮಾನವಾದಂತೆ. ಜೊತೆಗೆ ಕೆಎಲ್‌ಆರ್‌ಬಿ1 ಬಹಳ ಬಲವಾಗಿ, ಝಡ್‌ಬಿಟಿಬಿ16, ಎನ್‌ಸಿಆರ್3, ಸಿಕ್ಕರೆ ಟಿಆರ್‌ಎವಿ1-2. ವಯಸ್ಕರ ರಕ್ತದ ಟಿ ಕೋಶಗಳಲ್ಲಿ ಶೇ. 1ರಿಂದ 10ರವರೆಗೂ ಇವೇ ಇರಬಹುದು. ಆ ಶೇ. 6ಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ.

ಎರಡನೆಯದು ಗಾಮಾ ಡೆಲ್ಟಾ ಟಿ ಕೋಶ. ಇದಕ್ಕೆ ಎಲ್ಲರೂ ಟಿಆರ್‌ಡಿಸಿ ನೋಡುತ್ತಾರೆ. ಆದರೆ ಟಿಆರ್‌ಡಿಸಿ ಎನ್‌ಕೆ ಕೋಶದಲ್ಲೂ ಕಾಣುತ್ತದೆ, ಇಲ್ಲೇ ಅನೇಕರು ಜಾರುವುದು. ಕಾರಣ ತಿಳಿದರೆ ಮರೆಯುವುದಿಲ್ಲ. 14ನೇ ವರ್ಣತಂತುವಿನಲ್ಲಿ ಡೆಲ್ಟಾ ಸರಪಳಿಯ ಜೀನ್‌ಗಳು ಆಲ್ಫಾ ಸರಪಳಿಯ ಜೀನ್‌ಗಳ ನಡುವೆ ಕೂತಿವೆ. ಆಲ್ಫಾ ಬೀಟಾ ಟಿ ಕೋಶ ತನ್ನ ಆಲ್ಫಾ ತುಂಡುಗಳನ್ನು ಜೋಡಿಸುವಾಗ ನಡುವಿನ ಡೆಲ್ಟಾ ಭಾಗ ಕತ್ತರಿಸಿ ಹೋಗುತ್ತದೆ. ಎನ್‌ಕೆ ಕೋಶದಲ್ಲಿ ಆ ಕತ್ತರಿ ಬಿದ್ದಿಲ್ಲ. ಹಾಗಾಗಿ ಡೆಲ್ಟಾದ ಸ್ಥಿರ ಭಾಗದಿಂದ, ಅಂದರೆ ಟಿಆರ್‌ಡಿಸಿಯಿಂದ, ಎಂಆರ್‌ಎನ್‌ಎ ಹೊರಡಬಲ್ಲದು, ಪೂರ್ತಿ ಗ್ರಾಹಕ ಆಗದಿದ್ದರೂ. ಆದ್ದರಿಂದ ಟಿಆರ್‌ಡಿಸಿ ಎಂಬ ಸಾಕ್ಷಿಗೆ ಬೆಲೆ ಬರುವುದು ಸಿಡಿ3ಡಿ, ಸಿಡಿ3ಜಿ ಅದೇ ಕೋಶಗಳಲ್ಲಿ ಬಲವಾಗಿದ್ದಾಗ ಮಾತ್ರ. ಟಿಆರ್‌ಜಿವಿ9 ಮತ್ತು ಟಿಆರ್‌ಡಿವಿ2 ಜೊತೆಗೆ ಕಂಡರೆ ಅದು ರಕ್ತದಲ್ಲಿ ಸಾಮಾನ್ಯವಾಗಿ ಹೆಚ್ಚಿರುವ ಗಾಮಾ ಡೆಲ್ಟಾ ಬಗೆ. ಟಿಆರ್‌ಜಿಸಿ2 ಒಂದೇ ಇದ್ದರೆ ನಂಬಬೇಡಿ, ಸಿಡಿ8 ಟಿ ಕೋಶಗಳಲ್ಲೂ ಅದು ಸಿಗುತ್ತದೆ.

ಇವೆರಡೂ ಅಲ್ಲದಿದ್ದರೆ ಉಳಿಯುವುದು ಪಳಗಿದ ಸಿಡಿ8. ಇಲ್ಲಿ ಜಿಝಡ್‌ಎಂಕೆ ಇರುವ ಗುಂಪನ್ನೂ, ಜಿಝಡ್‌ಎಂಬಿ, ಜಿಝಡ್‌ಎಂಎಚ್, ಎಫ್‌ಜಿಎಫ್‌ಬಿಪಿ2, ಸಿಎಕ್ಸ್3ಸಿಆರ್1 ಇರುವ ಗುಂಪನ್ನೂ ಬೇರೆ ಮಾಡಿ. ಎರಡನೆಯದು ಎನ್‌ಕೆಗೆ ಎಷ್ಟು ಹತ್ತಿರ ಅಂದರೆ, ಯುಮ್ಯಾಪ್‌ನಲ್ಲಿ ಎರಡರ ನಡುವೆ ಗಡಿಯೇ ಕಾಣುವುದಿಲ್ಲ.

ಲಕ್ಷಣ: ಸಿಡಿ4 ಟಿ ಕೋಶಗಳಲ್ಲಿ ಸಿಡಿ4 ಕಾಣುತ್ತಿಲ್ಲ

ಇದು ದೋಷವೇ ಅಲ್ಲ. ಟಿ ಕೋಶದಲ್ಲಿ ಸಿಡಿ4 ಎಂಆರ್‌ಎನ್‌ಎ ಕಮ್ಮಿ, ಮೇಲ್ಮೈಯಲ್ಲಿ ಪ್ರೋಟೀನ್ ಜಾಸ್ತಿ. ಹನಿಯಲ್ಲಿ ಸೆರೆಯಾಗುವುದು ಕೋಶದ ಎಂಆರ್‌ಎನ್‌ಎಯ ಒಂದು ಪಾಲು ಮಾತ್ರ. ಕಮ್ಮಿ ಇರುವ ಜೀನ್ ಅನೇಕ ಕೋಶಗಳಲ್ಲಿ ಸೊನ್ನೆಯಾಗಿ ಬರುತ್ತದೆ. ಸೊನ್ನೆ ಅಂದರೆ ಸಿಗಲಿಲ್ಲ ಅಂತ ಅರ್ಥ, ಇಲ್ಲ ಅಂತ ಅಲ್ಲ. ಹಾಗಾಗಿ ಸಿಡಿ4 ಸೊನ್ನೆಗಿಂತ ಜಾಸ್ತಿ ಇರುವ ಕೋಶಗಳನ್ನಷ್ಟೇ ಸೋಸಿ ತೆಗೆಯಬೇಡಿ. ಹಾಗೆ ಮಾಡಿದರೆ ನಿಜವಾದ ಸಿಡಿ4 ಟಿ ಕೋಶಗಳು ಕೈಬಿಡುತ್ತವೆ, ಸಿಡಿ4 ಇರುವ ಮಾನೊಸೈಟ್‌ಗಳು ಒಳಗೆ ಬರುತ್ತವೆ. ಕ್ಲಸ್ಟರ್ ಮಟ್ಟದಲ್ಲಿ ನೋಡಿ: ಸಿಡಿ3ಡಿ ಇದೆ, ಸಿಡಿ8ಬಿ ಇಲ್ಲ, ಐಎಲ್7ಆರ್ ಬಲವಾಗಿದೆ, ಸಿಡಿ4 ಅಲ್ಲಲ್ಲಿ ಚುಕ್ಕಿಯಂತೆ ಕಾಣುತ್ತದೆ ಎಂದರೆ ಸಾಕು.

ಪ್ರತಿರಕ್ಷೆಯನ್ನು ಹತೋಟಿಯಲ್ಲಿಡುವ ಟ್ರೆಗ್ ಎಂಬ ಟಿ ಕೋಶಗಳ ಎಫ್‌ಒಎಕ್ಸ್‌ಪಿ3ಗೂ ಇದೇ ಮಾತು. ಐಎಲ್2ಆರ್‌ಎ, ಐಕೆಝಡ್‌ಎಫ್2, ಸಿಟಿಎಲ್‌ಎ4, ಆರ್‌ಟಿಕೆಎನ್2 ಒಟ್ಟಿಗೆ ಇದ್ದು, ಐಎಲ್7ಆರ್ ಇಳಿದಿದ್ದರೆ ಟ್ರೆಗ್ ಅನ್ನಿ. ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ಮನುಷ್ಯರ ಸಾಮಾನ್ಯ ಸಿಡಿ4 ಕೋಶ ಚುರುಕಾದಾಗ ಸ್ವಲ್ಪ ಹೊತ್ತು ಎಫ್‌ಒಎಕ್ಸ್‌ಪಿ3 ತೋರಿಸುತ್ತದೆ.

ಲಕ್ಷಣ: ಫ್ಲೋ ಪ್ಯಾನೆಲ್ಲಿನ ಪಟ್ಟಿ ಇಲ್ಲಿ ಕೆಲಸ ಮಾಡುತ್ತಿಲ್ಲ

ಫ್ಲೋ ಸೈಟೋಮೆಟ್ರಿಯಲ್ಲಿ ಪಳಗಿದವರು ತಮ್ಮ ಆಂಟಿಬಾಡಿ ಪಟ್ಟಿಯನ್ನೇ ಜೀನ್ ಪಟ್ಟಿ ಮಾಡಿಕೊಂಡಾಗ ಆಗುವ ತೊಂದರೆ ಇದು. ಸಿಡಿ45ಆರ್‌ಎ ಮತ್ತು ಸಿಡಿ45ಆರ್‌ಒ ಎರಡು ಜೀನ್ ಅಲ್ಲ. ಒಂದೇ ಪಿಟಿಪಿಆರ್‌ಸಿ ಜೀನ್‌ನ ಎಂಆರ್‌ಎನ್‌ಎಯನ್ನು ಬೇರೆ ಬೇರೆಯಾಗಿ ಕತ್ತರಿಸಿ ಜೋಡಿಸಿದ ರೂಪಗಳು. ಮಾಮೂಲಿ 3 ಪ್ರೈಮ್ ಕಿಟ್ ಎಂಆರ್‌ಎನ್‌ಎಯ ಬಾಲವನ್ನು ಓದುತ್ತದೆ. ವ್ಯತ್ಯಾಸ ಇರುವುದು ಇನ್ನೊಂದು ತುದಿಯ ಹತ್ತಿರ. ನೈವ್ ಮತ್ತು ಮೆಮೊರಿ (ಹಿಂದೆ ಶತ್ರುವನ್ನು ಕಂಡು ನೆನಪಿಟ್ಟ) ಕೋಶ ಬೇರೆ ಮಾಡಲು ಸಿಸಿಆರ್7, ಎಸ್‌ಇಎಲ್‌ಎಲ್, ಎಲ್‌ಇಎಫ್1, ಟಿಸಿಎಫ್7 ಒಂದು ಕಡೆ, ಎಸ್100ಎ4 ಇನ್ನೊಂದು ಕಡೆ ಇಟ್ಟು ನೋಡಬೇಕು.

ಸಿಡಿ57 ಇನ್ನೂ ಕಷ್ಟದ್ದು. ಆಂಟಿಬಾಡಿ ಹಿಡಿಯುವುದು ಒಂದು ಸಕ್ಕರೆಯ ರಚನೆಯನ್ನು. ಬಿ3ಜಿಎಟಿ1 ಅನ್ನುವುದು ಆ ಸಕ್ಕರೆ ಕಟ್ಟುವ ಕಿಣ್ವದ ಜೀನ್, ಅಷ್ಟೆ. ಅದು ಕಾಣದಿದ್ದರೆ ಸಿಡಿ57 ಇಲ್ಲ ಅನ್ನಲಾಗುವುದಿಲ್ಲ. ಸಿಡಿ56 ಅಂದರೆ ಎನ್‌ಸಿಎಎಂ1, ಅದರ ಎಂಆರ್‌ಎನ್‌ಎ ಕೂಡ ಡಿಮ್, ಅಂದರೆ ಸಿಡಿ56 ಮಂದವಾಗಿ ಕಾಣುವ, ಎನ್‌ಕೆ ಕೋಶಗಳಲ್ಲಿ ಬಹಳ ಕಮ್ಮಿ.

ಇಲಿಯ ಡೇಟಾಗೆ ಮನುಷ್ಯರ ಪಟ್ಟಿ ಹಾಕಿದಾಗಲೂ ಹೀಗೇ ಆಗುತ್ತದೆ. ಇಲಿಗೆ ಜಿಎನ್‌ಎಲ್‌ವೈ ಜೀನೇ ಇಲ್ಲ. ನಮ್ಮ ಎನ್‌ಕೆ ಕೋಶಗಳ ಕಿರ್ ಗ್ರಾಹಕಗಳ ಕೆಲಸವನ್ನು ಅಲ್ಲಿ ಎಲ್‌ವೈ49 ಕುಟುಂಬ ಮಾಡುತ್ತದೆ.

ಎನ್‌ಕೆ ಒಳಗಿನ ಗೊಂದಲಗಳು

ರಕ್ತದ ಎನ್‌ಕೆಯಲ್ಲಿ ಸುಮಾರು ಶೇ. 90 ಸಿಡಿ56 ಡಿಮ್, ಉಳಿದದ್ದು ಬ್ರೈಟ್. ಡಿಮ್‌ಗೆ ಎಫ್‌ಸಿಜಿಆರ್3ಎ, ಎಫ್‌ಜಿಎಫ್‌ಬಿಪಿ2, ಎಸ್‌ಪಿಒಎನ್2, ಜಿಝಡ್‌ಎಂಬಿ. ಬ್ರೈಟ್‌ಗೆ ಎಕ್ಸ್‌ಸಿಎಲ್1, ಎಕ್ಸ್‌ಸಿಎಲ್2, ಜಿಝಡ್‌ಎಂಕೆ, ಎಸ್‌ಇಎಲ್‌ಎಲ್, ಐಎಲ್7ಆರ್. ಇಲ್ಲಿ ತಪ್ಪಾಗುವುದು ಹೇಗೆ ಗೊತ್ತಾ? ಐಎಲ್7ಆರ್, ಎಸ್‌ಇಎಲ್‌ಎಲ್, ಜಿಝಡ್‌ಎಂಕೆ ಮೂರನ್ನೂ ನಾವು ಟಿ ಕೋಶದ ಜೀನ್ ಅಂತ ಕಲಿತಿರುತ್ತೇವೆ. ಅದಕ್ಕೇ ಬ್ರೈಟ್ ಎನ್‌ಕೆ ಕೋಶಗಳು ಮೆಮೊರಿ ಟಿ ಗುಂಪಿಗೆ ಹೋಗಿ ಸೇರುತ್ತವೆ. ಸಿಡಿ3ಡಿ, ಸಿಡಿ3ಜಿ ನೋಡಿದರೆ ಅಲ್ಲೇ ತಿಳಿಯುತ್ತದೆ.

ಎಫ್‌ಸಿಜಿಆರ್3ಎ, ಅಂದರೆ ಸಿಡಿ16ರ ಜೀನ್, ಒಂದರ ಮೇಲೆ ನಿಂತರೆ ಸಿಡಿ16 ಇರುವ ಮಾನೊಸೈಟ್‌ಗಳು ಎನ್‌ಕೆ ಲೆಕ್ಕಕ್ಕೆ ಬರುತ್ತವೆ. ಎಂಎಸ್4ಎ7, ಎಲ್‌ಎಸ್‌ಟಿ1 ಇದ್ದರೆ ಅದು ಮಾನೊಸೈಟ್.

ಸೈಟೋಮೆಗಲೊ ವೈರಸ್ ತಗುಲಿದ ಕೆಲವರಲ್ಲಿ ಅಡಾಪ್ಟಿವ್ ಎನ್‌ಕೆ ಕೋಶಗಳು ಬೆಳೆದಿರುತ್ತವೆ. ಅವುಗಳಲ್ಲಿ ಕೆಎಲ್‌ಆರ್‌ಸಿ2 ಏರಿ, ಎಫ್‌ಸಿಇಆರ್1ಜಿ ಇಳಿದಿರುತ್ತದೆ. ಹಾಗಾಗಿ ಎಫ್‌ಸಿಇಆರ್1ಜಿ ಇಲ್ಲ ಎಂಬ ಒಂದೇ ಕಾರಣಕ್ಕೆ ಒಂದು ಗುಂಪನ್ನು ಟಿ ಕಡೆಗೆ ತಳ್ಳಬೇಡಿ. ಕೆಲವು ವ್ಯಕ್ತಿಗಳಲ್ಲಿ ಹುಟ್ಟಿನಿಂದಲೇ ಕೆಎಲ್‌ಆರ್‌ಸಿ2 ಜೀನ್ ಇರುವುದಿಲ್ಲ, ಅವರಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಕಿರ್ ಜೀನ್‌ಗಳ ಎಣಿಕೆಯನ್ನಂತೂ ಬಹಳ ಹುಷಾರಾಗಿ ಬಳಸಿ. ಅವು ಒಂದಕ್ಕೊಂದು ತೀರಾ ಹೋಲುತ್ತವೆ. ಎರಡು ಜೀನ್‌ಗೆ ಹೊಂದುವ ರೀಡ್‌ಗಳನ್ನು, ಅಂದರೆ ಯಂತ್ರ ಓದಿದ ತುಂಡುಗಳನ್ನು, ಎಣಿಕೆಯ ಸಾಫ್ಟ್‌ವೇರ್ ಬಿಟ್ಟುಬಿಡುತ್ತದೆ.

ಲಕ್ಷಣ: ಕ್ಲಸ್ಟರ್ ಇದೆ, ಆದರೆ ಯಾವ ಬಗೆಗೂ ಹೊಂದುವುದಿಲ್ಲ

ಅದರ ಮೇಲಿನ ಇಪ್ಪತ್ತು ಜೀನ್ ಓದಿ. ಎಂಕೆಐ67, ಟಿಒಪಿ2ಎ ಇದ್ದರೆ ಅವು ವಿಭಜನೆಯಾಗುತ್ತಿರುವ ಕೋಶಗಳು, ಟಿ ಮತ್ತು ಎನ್‌ಕೆ ಎರಡೂ ಸೇರಿರುತ್ತವೆ. ಎಫ್‌ಒಎಸ್, ಜೆಯುಎನ್, ಎಚ್‌ಎಸ್‌ಪಿಎ1ಎ ಮುಂದಿದ್ದರೆ, ಅದರಲ್ಲೂ ಗಡ್ಡೆಯನ್ನೋ ಕರುಳನ್ನೋ 37 ಡಿಗ್ರಿಯಲ್ಲಿ ಕಿಣ್ವ ಹಾಕಿ ಬಿಡಿಸಿದ ಮಾದರಿಯಾದರೆ, ಕೋಶಗಳು ಆ ಹಿಂಸೆಗೆ ಕೊಟ್ಟ ಪ್ರತಿಕ್ರಿಯೆ ಅದು. ಎಕ್ಸ್‌ಐಎಸ್‌ಟಿ ಅಥವಾ ಆರ್‌ಪಿಎಸ್4ವೈ1 ಮುಂದಿದ್ದರೆ ಕ್ಲಸ್ಟರ್ ಹೆಣ್ಣು ಗಂಡು ಅಂತ ಒಡೆದಿದೆ. ಒಂದೇ ಟಿಆರ್‌ಬಿವಿ ಜೀನ್ ಎಲ್ಲಕ್ಕಿಂತ ಮೇಲಿದ್ದರೆ ಒಂದು ಕ್ಲೋನ್, ಅಂದರೆ ಒಂದೇ ಟಿ ಕೋಶದ ಸಂತತಿ, ಬೆಳೆದಿದೆ. ಅದು ಬಹಳ ಮುಖ್ಯವಾದ ಮಾಹಿತಿ, ಆದರೆ ಉಪಬಗೆ ಅಲ್ಲ. ವೇರಿಯಬಲ್ ಜೀನ್ ಪಟ್ಟಿಯಿಂದ ಟಿಆರ್‌ಎವಿ, ಟಿಆರ್‌ಬಿವಿ ಜೀನ್‌ಗಳನ್ನು ತೆಗೆದು ಮತ್ತೆ ಕ್ಲಸ್ಟರ್ ಮಾಡಿ. ಕ್ಲೋನ್ ಮಾಹಿತಿಯನ್ನು ಬೇರೆ ಕಾಲಂನಲ್ಲಿ ಉಳಿಸಿಕೊಳ್ಳಿ.

ಸ್ವಯಂಚಾಲಿತ ಲೇಬಲ್‌ಗಳು ಜಗಳಾಡಿದಾಗ

ಅಜಿಮತ್, ಸೆಲ್‌ಟೈಪಿಸ್ಟ್, ಸಿಂಗಲ್‌ಆರ್ ಮೂರೂ ಒಳ್ಳೆಯ ಸಾಧನಗಳು. ಆದರೆ ಪ್ರತಿಯೊಂದೂ ತನ್ನ ರೆಫರೆನ್ಸ್‌ನಲ್ಲಿ, ಅಂದರೆ ಮೊದಲೇ ಹೆಸರಿಟ್ಟ ಡೇಟಾದಲ್ಲಿ, ಇರುವ ಹೆಸರನ್ನಷ್ಟೇ ಹೇಳಬಲ್ಲದು. 2021ರಲ್ಲಿ ಬಂದ ಅಜಿಮತ್‌ನ ಪಿಬಿಎಂಸಿ ರೆಫರೆನ್ಸ್‌ಗೆ 228 ಆಂಟಿಬಾಡಿಗಳ ಪ್ರೋಟೀನ್ ಅಳತೆಯ ಬೆಂಬಲವಿದೆ. ಹಾಗಾಗಿ ರಕ್ತದ ಮಾದರಿಗೆ ನಾನು ಮೊದಲು ಅದನ್ನೇ ನೋಡುತ್ತೇನೆ. ಗಡ್ಡೆಯೊಳಗಿನ ದಣಿದ ಟಿ ಕೋಶವನ್ನು ಅದಕ್ಕೆ ಕೊಟ್ಟರೆ, ತನ್ನಲ್ಲಿರುವ ಹತ್ತಿರದ ಹೆಸರು ಅಂಟಿಸುತ್ತದೆ, ಸ್ಕೋರ್ ಕೆಳಗಿಳಿದಿರುತ್ತದೆ. ಆ ಸ್ಕೋರ್ ಕಾಲಂ ತೆರೆದು ನೋಡದೆ ಲೇಬಲ್ ಮಾತ್ರ ತೆಗೆದುಕೊಂಡರೆ ಅರ್ಧ ಉತ್ತರ ಬಿಟ್ಟಂತೆ. ರೆಫರೆನ್ಸ್‌ನಲ್ಲಿ ಯಾರ ರಕ್ತ ಇದೆ ಅನ್ನುವುದೂ ಮುಖ್ಯ. ಏಷ್ಯನ್ ಇಮ್ಯೂನ್ ಡೈವರ್ಸಿಟಿ ಅಟ್ಲಾಸ್‌ನಲ್ಲಿ ಭಾರತದವರ ಮಾದರಿಗಳೂ ಇರುವುದರಿಂದ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ತೆಗೆದ ರಕ್ತದ ಡೇಟಾ ಹೋಲಿಸುವವರು ಅದನ್ನೂ ಇಟ್ಟುಕೊಂಡರೆ ಒಳ್ಳೆಯದು.

ಎರಡು ಸಾಧನಗಳ ಉತ್ತರ ಬೇರೆ ಬಂದ ಕೋಶಗಳನ್ನೇ ಪ್ರತ್ಯೇಕಿಸಿ ಯುಮ್ಯಾಪ್ ಮೇಲೆ ಬಣ್ಣ ಹಚ್ಚಿ. ಒಂದು ಗಡಿಯುದ್ದಕ್ಕೂ ಸಾಲಾಗಿ ನಿಂತರೆ ಅದು ಸಿಡಿ8 ಮತ್ತು ಎನ್‌ಕೆ ನಡುವಿನ ಸಹಜ ಅಂಚು. ಒಂದೇ ಕಡೆ ಗುಂಪಾಗಿದ್ದರೆ ಆ ಗುಂಪು ಯಾವುದೋ ಒಂದು ರೆಫರೆನ್ಸ್‌ನಲ್ಲಿ ಇಲ್ಲ. ಎಲ್ಲ ಕಡೆ ಚೆಲ್ಲಿದ್ದರೆ ಗುಣಮಟ್ಟದ ಹಂತಕ್ಕೆ ವಾಪಸ್ ಹೋಗಿ.

ಇಷ್ಟಾದರೂ ಬಿಡಿಸಲಾಗದ ಕೋಶಗಳು ಉಳಿಯುತ್ತವೆ. 5 ಪ್ರೈಮ್ ಕಿಟ್ ಬಳಸಿ ಟಿ ಕೋಶ ಗ್ರಾಹಕದ ಸರಣಿಯನ್ನೂ ಓದಿಸಿದ್ದರೆ ಅದರ ತೀರ್ಪೇ ಗಟ್ಟಿ. ಆಲ್ಫಾ, ಬೀಟಾ ಎರಡೂ ಸರಪಳಿ ಸರಿಯಾಗಿ ಸಿಕ್ಕ, ಡಬ್ಲೆಟ್ ಅಲ್ಲದ ಕೋಶ ಎನ್‌ಕೆ ಆಗಿರಲು ಸಾಧ್ಯವಿಲ್ಲ. ಆದರೆ ಸರಪಳಿ ಸಿಗಲಿಲ್ಲ ಎಂದ ಮಾತ್ರಕ್ಕೆ ಎನ್‌ಕೆ ಅಂತ ತೀರ್ಮಾನಿಸಬೇಡಿ, ಅಲ್ಲೂ ಕೆಲವು ಟಿ ಕೋಶಗಳ ಸರಣಿ ತಪ್ಪಿಹೋಗುತ್ತದೆ. ಆರ್‌ಎನ್‌ಎ ಜೊತೆಗೆ ಮೇಲ್ಮೈ ಪ್ರೋಟೀನನ್ನೂ ಅಳೆಯುವ ಸೈಟ್‌ಸೀಕ್ ಮಾಡುವ ಅವಕಾಶವಿದ್ದರೆ ಸಿಡಿ3, ಸಿಡಿ4, ಸಿಡಿ8, ಸಿಡಿ56, ಸಿಡಿ16, ಸಿಡಿ45ಆರ್‌ಎ, ಗಾಮಾ ಡೆಲ್ಟಾ ಗ್ರಾಹಕ ಇಷ್ಟು ಆಂಟಿಬಾಡಿ ಸೇರಿಸಿ, ಮೇಲೆ ಹೇಳಿದ ಅರ್ಧಕ್ಕರ್ಧ ತೊಂದರೆ ಬರುವುದೇ ಇಲ್ಲ. ಎರಡೂ ಇಲ್ಲದ ಹಳೆಯ ಡೇಟಾದಲ್ಲಿ ಆ ಗುಂಪಿಗೆ ಸೈಟೋಟಾಕ್ಸಿಕ್ ಟಿ ಅಥವಾ ಎನ್‌ಕೆ ಎಂಬ ಅಗಲವಾದ ಹೆಸರನ್ನೇ ಇಡಿ. ಯಾವ ಜೀನ್‌ಗಳ ಮೇಲೆ ಹಾಗೆ ಇಟ್ಟಿರಿ ಅನ್ನುವುದನ್ನು ಡಾಟ್ ಪ್ಲಾಟ್ ಸಮೇತ ಲೇಬಲ್ ಕಾಲಂನ ಪಕ್ಕದಲ್ಲೇ ಬರೆದಿಡಿ.